ಒಳಗೆ ಹೋಗದ ಅರ್ಧ ಬೆರಳು

"ಕತ್ತರಿಸ್ಬೇಡ! ಲೂ, ಕೈ ತೆಗಿ!"

ವರ್ನಾ ಹುಡಾಕ್ ಹಾಗೆ ಕಿರುಚಿದ್ದು ಕೇಳಿ ಅವಳ ಗಂಡ ಲೂ ಬೆಚ್ಚಿಬಿದ್ದು ಕತ್ತರಿಸುವ ಚಕ್ರದ ಸ್ವಿಚ್ಚನ್ನು ಆರಿಸಿದ. ಚಕ್ರ ಗುಂಯ್‌ಗುಡುತ್ತ ನಿಧಾನವಾಗಿ ನಿಂತಿತು. ಬೆಂಚಿನ ಇಕ್ಕಳದಲ್ಲಿ ಬಿಗಿದಿದ್ದ ಗೇರ್‌ಬಾಕ್ಸಿನಿಂದ ಹೊರಚಾಚಿದ ಉಕ್ಕಿನ ಶಾಫ್ಟು ಕೂದಲೆಳೆಯಲ್ಲಿ ಬಚಾವಾಗಿತ್ತು.

ಮದುವೆಯಾದಾಗಿನಿಂದ ಗಂಡನ ಕೆಲಸಕ್ಕೆ ವರ್ನಾ ಅಡ್ಡ ಬಂದವಳಲ್ಲ. ಅವಳ ಕೆಲಸಕ್ಕೆ ಅವನು ಅಡ್ಡ ಬರುತ್ತಿದ್ದದ್ದು ಬೇರೆ ಮಾತು. ಶೆರಿಫ್ ಕಚೇರಿಯ ನೌಕರಿ ಬಿಟ್ಟು ಅವಳು ಸ್ವಂತ ಪತ್ತೇದಾರಿಕೆ ಶುರು ಮಾಡಿದಾಗ ಲೂ ತನ್ನ ಗೇರ್‌ಬಾಕ್ಸ್ ಅಂಗಡಿಯ ಹಿಂದಿನ ಕೋಣೆಯನ್ನೇ ಬಿಟ್ಟುಕೊಟ್ಟಿದ್ದ. ಅಂದಿನಿಂದ ಅವಳ ಕಕ್ಷಿದಾರರು ಮನೆಗೆ ಹೋಗುವಾಗ ಮೈಗೆ ಒಂದಿಷ್ಟು ಗ್ರೀಸಿನ ವಾಸನೆ ಹತ್ತಿಸಿಕೊಂಡೇ ಹೋಗುತ್ತಿದ್ದರು. ಅದರಿಂದ ಯಾರಿಗೂ ಬೇಸರವಿರಲಿಲ್ಲ, ವರ್ನಾಳಿಗಂತೂ ಇರಲೇ ಇಲ್ಲ.

"ಏನೇ ಇದು? ನನ್ನ ಬೆರಳೇ ಹೋಯ್ತು ಅಂದ್ಕೊಂಡೆ," ಎಂದು ಲೂ ಎದೆ ಸವರಿಕೊಂಡ.

"ನಿನ್ನ ಬೆರಳು ಅಲ್ಲೇ ಇದೆ. ಈಗ ಮಿಸ್ ಸ್ಟಾಡ್ಲರ್‌ಗೆ ಏನೋ ಹೇಳ್ತಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು."

ಮಿಸ್ ಲೆನೋರ್ ಸ್ಟಾಡ್ಲರ್ ಬಾಗಿಲ ಬಳಿಯ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಊರಿನ ಅರ್ಧ ಮಕ್ಕಳಿಗೆ ಪಿಯಾನೊ ಕಲಿಸಿ, ಉಳಿದರ್ಧ ಮಕ್ಕಳನ್ನು ಕಲಿಸಲಾರೆನೆಂದು ಹಿಂದಕ್ಕೆ ಕಳಿಸಿದ ಹೆಂಗಸು ಆಕೆ. ಚಳಿಗಾಲ ಕಳೆದದ್ದೇ ಯಾರಿಗೂ ಹೇಳದೆ ಕೇಳದೆ ಒಂದು ನೇರಳೆ ಬಣ್ಣದ ರೇಸ್ ಕಾರು ಕೊಂಡು, ಭಾನುವಾರ ಅದರಲ್ಲೇ ಚರ್ಚಿಗೆ ಬಂದು, ಪಾದ್ರಿ ಪ್ರಾರ್ಥನೆಯ ಸಾಲು ಮರೆಯುವಂತೆ ಮಾಡಿದ್ದಳು. ಆ ಕಾರೇ ಈಗ ಕಾರೆತ್ತುವ ಲಿಫ್ಟಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಕ್ಲಚ್ಚು ಬಿಡುತ್ತಿರಲಿಲ್ಲ, ಗೇರು ಬೀಳುವಾಗಲೆಲ್ಲ ಹಲ್ಲು ಕಡಿಯುತ್ತಿತ್ತು, ಒಂದು ಬೇರಿಂಗ್ ಆಗಲೇ ಪುಡಿಯಾಗಿತ್ತು.

"ಹೊಸದೇನಿಲ್ಲ," ಎಂದ ಲೂ. "ಗೇರ್‌ಬಾಕ್ಸಿನ ಶಾಫ್ಟಿಗೆ ಮುಂದೆ ಒಂದು ಮೂಗು ಇರುತ್ತೆ, ನೋಡು. ಎಂಜಿನ್ನಿನೊಳಗೆ ತಿರುಗೋ ಕ್ರ್ಯಾಂಕಿನ ಬೆನ್ನಲ್ಲಿ ಒಂದು ತೂತು. ಮೂಗು ಆ ತೂತಿನೊಳಗೆ ಹೋಗಿ ಕೂತ್ಕೋಬೇಕು, ಮುಂದೆ ಚೂರು ಜಾಗನೂ ಉಳೀಬೇಕು. ಇಲ್ಲಿ ತೂತೇ ಆಳ ಇಲ್ಲ. ಮೂಗು ಹೋಗಿ ತಳಕ್ಕೆ ಗುದ್ದುತ್ತೆ. ಮೂಗು ಕತ್ತರಿಸಿ, ಅಂಚು ನಯ ಮಾಡಿದ್ರೆ ಮುಗೀತು. ಎಷ್ಟು ಮಾಡಿಲ್ಲ ನಾನು ಇಂಥವು."

"ತೂತು ಯಾಕೆ ಆಳ ಇಲ್ಲ?"

"ಆಟೋಮ್ಯಾಟಿಕ್ ಕಾರಿನ ಕ್ರ್ಯಾಂಕು ಕಣೆ. ಅದರಲ್ಲಿ ಮೂಗು ಒಳಗೆ ಹೋಗೋ ಸಂಗತಿನೇ ಇಲ್ಲ. ಫ್ಯಾಕ್ಟರಿಯವರು ಯಾಕೆ ಸುಮ್ನೆ ಕೊರೀತಾರೆ?"

ವರ್ನಾ ಕೈಯಲ್ಲಿದ್ದ ಗಸಗಸೆ ರೋಲಿನ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು.

"ಮಿಸ್ ಸ್ಟಾಡ್ಲರ್, ನಿಮ್ಮ ಕಾರು ಹುಟ್ಟಿನಿಂದಲೇ ಕೈ ಗೇರಿಂದು ಅಲ್ವಾ?"

"ಹೌದಮ್ಮ. ಕೈ ಗೇರು ಅಂತಾನೇ ನಾನು ತಗೊಂಡದ್ದು. ತಾನೇ ಗೇರು ಹಾಕ್ಕೊಳ್ಳೋ ಕಾರು ಅಂದ್ರೆ ಪಿಯಾನೊ ಮುಂದೆ ಕೂತು ರೇಡಿಯೋ ಕೇಳಿದ ಹಾಗೆ. ಎಂಜಿನ್ನೂ ಗೇರ್‌ಬಾಕ್ಸೂ ಎರಡೂ ಹುಟ್ಟಿನದೇ, ಯಾರೂ ಬಿಚ್ಚಿಲ್ಲ ಅಂತ ಆಣೆ ಇಟ್ಟು ಮಾರಿದ ವೆಂಡೆಲ್ ಪ್ರೌ."

ಲೂ ಈಗ ಹೆಂಡತಿಯ ಮುಖ ನೋಡಿದ. ಅವನ ಬಾಯಿ ಅರ್ಧ ತೆರೆಯಿತು. ಇಷ್ಟು ವರ್ಷ ಮೂಗು ಕತ್ತರಿಸಿ ಕತ್ತರಿಸಿ ಅವನಿಗೆ ಅಭ್ಯಾಸವಾಗಿತ್ತು. ಹಳೆಯ ಕಾರುಗಳಿಗೆ ಸಿಕ್ಕ ಎಂಜಿನ್ ಕೂರಿಸುವವರೇ ಈ ಕೌಂಟಿಯ ತುಂಬ ಇದ್ದದ್ದರಿಂದ, ಯಾಕೆ ಹೊಂದುವುದಿಲ್ಲ ಎಂದು ಕೇಳುವುದನ್ನೇ ಅವನು ಬಿಟ್ಟಿದ್ದ.

"ಹುಟ್ಟಿನದಾಗಿದ್ರೆ ಮೂಗು ಕತ್ತರಿಸೋ ಕೆಲಸನೇ ಇರ್ತಿರ್ಲಿಲ್ಲ," ಎಂದ ಅವನು.

"ಅದಕ್ಕೇ ನಾನು ಕಿರುಚಿದ್ದು."

ಇದೆಲ್ಲ ಡೆನ್ನಿಗಾಗಿ; ಅವನು ಜೈಲು ಸೇರಿದಾಗಿನಿಂದ ಊರಲ್ಲಿ ಎಲ್ಲಿ ಹೊಂದದ ಎಂಜಿನ್ನಿನ ಮಾತು ಬಂದರೂ ವರ್ನಾ ಕಿವಿಗೊಡುತ್ತಿದ್ದಳು. ಎಂಜಿನ್ ಕಟ್ಟುವುದರಲ್ಲಿ ಎತ್ತಿದ ಕೈಯಾಗಿದ್ದ ಹಾಲಿಸ್ ಗ್ಯಾಂಟ್ಸ್‌ನ ಗ್ಯಾರೇಜು ಚಳಿಗಾಲದಲ್ಲಿ ಹೊತ್ತಿ ಉರಿದು, ಒಳಗೆ ಸಿಕ್ಕ ಸುಟ್ಟ ಹೆಣ ಅವನದೇ ಎಂದು ಎಲ್ಲರೂ ಒಪ್ಪಿ, ಆ ಕೊಲೆಯ ಆರೋಪ ಹೊತ್ತು ವರ್ನಾಳ ತಂಗಿಯ ಮಗ ಡೆನ್ನಿ ಕೊವಾಚ್ ಜೈಲಿನಲ್ಲಿದ್ದ. ಸೋಮವಾರ ಅವನನ್ನು ಜ್ಯೂರಿಯ ಮುಂದೆ ನಿಲ್ಲಿಸುವವರಿದ್ದರು.

ಸರ್ಕಾರಿ ವಕೀಲರ ವಾದ ಸರಳವಾಗಿತ್ತು. ಡೆನ್ನಿ ಹಾಲಿಸ್‌ನ ಬಳಿ ಎರಡು ವರ್ಷ ದುಡಿದ. ತನ್ನ ರೇಸ್ ಎಂಜಿನ್ನನ್ನು ಅವನಿಗೇ ಕೊಡುತ್ತೇನೆಂದು ಹಾಲಿಸ್ ಮಾತು ಕೊಟ್ಟ, ಆಮೇಲೆ ತಪ್ಪಿದ. ಪಂದ್ಯದ ಮೈದಾನದಲ್ಲಿ ಎಲ್ಲರೆದುರು ಇಬ್ಬರೂ ಕೂಗಾಡಿದರು. ನನಗಿಲ್ಲದ್ದು ಯಾರಿಗೂ ಬೇಡ ಎಂದು ಹುಡುಗ ಎಂಜಿನ್ನಿಗೂ ಮುದುಕನಿಗೂ ಒಟ್ಟಿಗೆ ಬೆಂಕಿ ಇಟ್ಟ. ಬೂದಿಯಲ್ಲಿ ಸೀಳಿಹೋದ ಎಂಜಿನ್ನೊಂದು ಸಿಕ್ಕಿತ್ತು. ಅದು ಹಾಲಿಸ್‌ನದೇ ಎಂದು ಅಗ್ನಿಶಾಮಕದವರು ಬರೆದುಕೊಂಡು ಹೋಗಿದ್ದರು.

"ಲೂ, ಈ ಕೌಂಟಿಯಲ್ಲಿ ಆಟೋಮ್ಯಾಟಿಕ್ ಇಟ್ಕೊಂಡು ರೇಸ್ ಓಡಿಸ್ತಿದ್ದವರು ಯಾರ್ಯಾರು?"

"ಯಾರ್ಯಾರು ಅಂತ ಕೇಳ್ಬೇಡ. ಒಬ್ನೇ." ಲೂ ದನಿ ತಗ್ಗಿಸಿದ. "ಗಂಡಸಾದವನು ಕೈಯಲ್ಲಿ ಗೇರು ಹಾಕ್ಬೇಕು ಅಂತ ಎಲ್ಲರೂ ಅವನನ್ನ ಆಡ್ಕೊಳ್ತಿದ್ವಿ. 'ನಕ್ಕೊಳ್ಳಿ, ನಕ್ಕೊಳ್ಳಿ' ಅಂತ ಕಾಲು ಮೈಲಿ ಓಟ ಮುಗಿಸಿ, ಆ ಕಡೆ ನಿಂತು ನಮಗೆ ಕಾಯ್ತಿದ್ದ ಹಾಲಿಸ್."

ಒಂದು ಗಳಿಗೆ ಮೂವರೂ ಲಿಫ್ಟಿನ ಮೇಲಿನ ಕಾರನ್ನೇ ನೋಡಿದರು.

"ಪರೀಕ್ಷೆ ಮಾಡೇ ಬಿಡೋಣ," ಎಂದಳು ವರ್ನಾ. "ನನ್ನ ಕಣ್ಣಿಗೆ ಕಾಣೋ ಹಾಗೆ ತೋರಿಸು."

"ನಿನ್ನ ಲಿಪ್‌ಸ್ಟಿಕ್ ಕೊಡು."

"ಯಾವುದು, ಚೆರಿ ಬಣ್ಣದ್ದಾ? ಅದು ಕ್ಲೀವ್‌ಲ್ಯಾಂಡಿಂದ ತಂದಿದ್ದು!"

"ಹಚ್ಕೊಂಡು ಯಾರಿಗೆ ತೋರಿಸ್ಬೇಕು ನೀನು? ನಾನಂತೂ ಹಾಗೇ ಒಪ್ಕೊಂಡಿದೀನಿ."

ಮಿಸ್ ಸ್ಟಾಡ್ಲರ್ ಗಂಟಲು ಸರಿಮಾಡಿಕೊಂಡಳು. ವರ್ನಾ ಗಂಡನನ್ನು ದುರುಗುಟ್ಟಿ ನೋಡಿ, ಆದರೂ ಒಳಗೊಳಗೇ ಖುಷಿಪಡುತ್ತ, ಲಿಪ್‌ಸ್ಟಿಕ್ ಕೊಟ್ಟಳು. ಲೂ ಅದನ್ನು ಶಾಫ್ಟಿನ ಮೂಗಿನ ತುದಿಗೆ ಚೆನ್ನಾಗಿ ಬಳಿದ. ಗೇರ್‌ಬಾಕ್ಸನ್ನು ಜಾಕಿನ ಮೇಲೆ ಹತ್ತಿಸಿ, ಎರಡು ಕೈಯಲ್ಲಿ ಹಿಡಿದು, ಅಲುಗಿಸುತ್ತ ಅಲುಗಿಸುತ್ತ ಎಂಜಿನ್ನಿನ ಕಡೆಗೆ ಸರಿಸಿದ. ಅದು ಸಲೀಸಾಗಿ ಒಳಕ್ಕೆ ಹೋಯಿತು, ಇನ್ನೇನು ಮುಟ್ಟಿತು ಎನ್ನುವಾಗ ಟಣ್ ಎಂದು ನಿಂತಿತು. ಎರಡರ ನಡುವೆ ಅರ್ಧ ಬೆರಳಿನಷ್ಟು ಬಿರುಕು ಉಳಿಯಿತು.

ಲೂ ಎಷ್ಟು ದೂಡಿದರೂ ಆ ಅರ್ಧ ಬೆರಳು ಒಳಗೆ ಹೋಗಲಿಲ್ಲ.

ಗೇರ್‌ಬಾಕ್ಸನ್ನು ಮತ್ತೆ ಇಳಿಸಿದ ಮೇಲೆ ವರ್ನಾ ಟಾರ್ಚು ಹಿಡಿದು ಕ್ರ್ಯಾಂಕಿನ ತೂತಿನೊಳಗೆ ಇಣುಕಿದಳು. ತಳದಲ್ಲಿ ಅವಳ ಚೆರಿ ಬಣ್ಣ ದುಂಡಗೆ ಅಂಟಿತ್ತು. ಆ ಬಣ್ಣದ ಕೆಳಗೆ ಲೋಹ ಹಸಿಹಸಿಯಾಗಿ ಕೆರೆದುಹೋಗಿತ್ತು. ಎಂದರೆ ಮೂಗು ಇಲ್ಲಿ ಮೊದಲೂ ಗುದ್ದಿತ್ತು, ಗುದ್ದಿಕೊಂಡೇ ತಿರುಗಿತ್ತು.

"ಹಾಗಾದ್ರೆ ಮಾರೋವಾಗ ಆ ಅರ್ಧ ಬೆರಳನ್ನ ಹೇಗೆ ಮುಚ್ಚಿದ್ರು?" ಎಂದು ಕೇಳಿದಳು.

ಲೂ ಮುಖ ಕಿವುಚಿದ. "ಬೋಲ್ಟ್ ಹಾಕಿ ಎಳೆದಿದಾನೆ. ಕೈಯಲ್ಲಿ ಹೋಗದೆ ಇರೋದನ್ನ ಬೋಲ್ಟಿಂದ ಎಳೀಬಾರ್ದು ಅಂತ ಮೊದಲ್ನೇ ದಿನಾನೇ ಹೇಳ್ಕೊಡ್ತಾರೆ. ಬೋಲ್ಟ್ ಬಿಗಿದ್ರೆ ಬಿರುಕೇನೋ ಮುಚ್ಚುತ್ತೆ. ಶಾಫ್ಟು ಹಿಂದಕ್ಕೆ ನುಗ್ಗಿ ಗೇರ್‌ಬಾಕ್ಸ್ ಹಾಳಾಗುತ್ತೆ, ಕ್ರ್ಯಾಂಕು ಮುಂದಕ್ಕೆ ನುಗ್ಗಿ ಎಂಜಿನ್ ಹಾಳಾಗುತ್ತೆ."

"ವೆಂಡೆಲ್ ನನಗೆ ಏನಂದ ಗೊತ್ತಾ?" ಮಿಸ್ ಸ್ಟಾಡ್ಲರ್ ಎದ್ದು ನಿಂತಳು. "ಹೆಂಗಸರ ಕಾಲು ಕ್ಲಚ್ಚಿಗೆ ಹೊಂದಲ್ಲ ಅಂದ. ಪೆಡಲ್ ಮೇಲೆ ನನ್ನ ಕಾಲು! ನಲವತ್ತು ವರ್ಷದಿಂದ ಪಿಯಾನೊ ಪೆಡಲ್ ಒತ್ತಿದ ಕಾಲು!"

ವರ್ನಾ ಟಾರ್ಚಿನ ಬೆಳಕನ್ನು ಕ್ರ್ಯಾಂಕಿನ ಅಂಚಿನ ಸುತ್ತ ಹರಿಸುತ್ತಿದ್ದಳು. ಒಂದು ಕಡೆ ಬೆಳಕು ನಿಂತಿತು. ಅಲ್ಲಿ ಉಳಿಯಿಂದ ಗುದ್ದಿದ ಮೂರು ಚುಕ್ಕಿಗಳಿದ್ದವು. ಎರಡು ಸಾಲಾಗಿದ್ದವು, ಮೂರನೆಯದು ಸ್ವಲ್ಪ ಕೆಳಕ್ಕೆ ಜಾರಿತ್ತು.

ಲೂ ಬಂದು ನೋಡಿದ. ಮೂರು ಚುಕ್ಕಿಗಳನ್ನೂ ಹೆಬ್ಬೆರಳಿನಿಂದ ಸವರಿದ.

"ತೂಕ ಸರಿಮಾಡಿದ ಪ್ರತಿ ಕ್ರ್ಯಾಂಕಿಗೂ ಹಾಲಿಸ್ ಹೀಗೇ ಗುದ್ದೋನು," ಎಂದ. "ಮೂರನೇದು ಯಾವಾಗ್ಲೂ ಜಾರೋದು. ಅಷ್ಟು ಹೊತ್ತಿಗೆ ಅವನಿಗೆ ಬಿಯರ್ ನೆನಪಾಗ್ತಿತ್ತು."

ವರ್ನಾಳಿಗೆ ಅಳು ಬಂತು, ನಗುವೂ ಬಂತು. ಸುಟ್ಟುಹೋಯಿತೆಂದು ಸರ್ಕಾರವೇ ಬರೆದುಕೊಂಡ ಎಂಜಿನ್ನು ಅವಳ ಗಂಡನ ಅಂಗಡಿಯಲ್ಲಿ, ಪಿಯಾನೊ ಟೀಚರಮ್ಮನ ಕಾರಿನಲ್ಲಿ ಗುಂಡುಕಲ್ಲಿನಂತೆ ಕುಳಿತಿತ್ತು. ಬೆಂಕಿ ಬೀಳುವ ಮುಂಚೆಯೇ ಯಾರೋ ಅದನ್ನು ಹೊರಕ್ಕೆ ಸಾಗಿಸಿ, ಅದರ ಜಾಗದಲ್ಲಿ ಗುಜರಿ ಎಂಜಿನ್ ಇಟ್ಟಿದ್ದರು. ಹಾಗೆ ಮಾಡಿದವನಿಗೆ ಬೆಂಕಿ ಬೀಳುವುದು ಮೊದಲೇ ಗೊತ್ತಿತ್ತು. ಎಂಜಿನ್ನಿನ ಮೇಲಿನ ಹೊಟ್ಟೆಕಿಚ್ಚಿಗೆ ಡೆನ್ನಿ ಬೆಂಕಿ ಇಟ್ಟ ಎಂಬ ಮಾತು ಇನ್ನು ನಿಲ್ಲುವಂತಿರಲಿಲ್ಲ.

ಅವಳು ಕೈ ಒರೆಸಿಕೊಂಡು ಫೋನಿನ ಬಳಿಗೆ ನಡೆದಳು.

"ವೆಂಡೆಲ್? ನಾನು ವರ್ನಾ. ಮಿಸ್ ಸ್ಟಾಡ್ಲರ್ ಕಾರು ಇಲ್ಲಿದೆ. ಗೇರ್‌ಬಾಕ್ಸ್ ಕೂರ್ತಾ ಇಲ್ಲ, ಲೂ ಕೈಚೆಲ್ಲಿ ಕೂತಿದಾನೆ. ನೀನೊಂದ್ಸಲ ಬಂದು ಕೈ ಹಾಕ್ತೀಯಾ?"

ಲೂ ಕೈಚೆಲ್ಲಿದ್ದಾನೆಂದು ಕೇಳಿದರೆ ವೆಂಡೆಲ್ ಮಧ್ಯಾಹ್ನದ ಊಟ ಬಿಟ್ಟಾದರೂ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಕೈಚೆಲ್ಲಿದ ಲೂ ಮುಖ ಊದಿಸಿಕೊಂಡು ಎರಡನೆಯ ಗಸಗಸೆ ರೋಲಿಗೆ ಕೈ ಹಾಕಿದ.

ವೆಂಡೆಲ್ ಪ್ರೌ ಬಿಳಿ ಬೂಟು ಹಾಕಿಕೊಂಡು ಬಂದ. ಹೆದ್ದಾರಿಯ ಪಕ್ಕ ರೇಸ್ ಕಾರುಗಳನ್ನು ಮಾರುವ ಅಂಗಡಿ ಅವನದು. ದೊಡ್ಡ ಆಳು, ದೊಡ್ಡ ನಗು, ಎದುರಿಗಿರುವವರ ಬೆನ್ನು ತಟ್ಟದೆ ಮಾತು ಶುರು ಮಾಡುವವನಲ್ಲ.

"ಏನಪ್ಪಾ ಲೂ, ವಯಸ್ಸಾಯ್ತಾ?" ಎಂದು ಬೆನ್ನಿಗೆ ಒಂದು ಕೊಟ್ಟ. "ಮಿಸ್ ಸ್ಟಾಡ್ಲರ್, ನಾನು ಹೇಳಿರ್ಲಿಲ್ವಾ? ಕಾರಿಂದೇನೂ ತಪ್ಪಿಲ್ಲ. ಕಾಲಿಂದು."

"ಕಾಲು ಈಗಲೂ ಕೆಲಸ ಮಾಡುತ್ತೆ, ವೆಂಡೆಲ್. ಹತ್ತಿರ ಬಾ, ತೋರಿಸ್ತೀನಿ," ಎಂದಳು ಆಕೆ.

"ಎಂಜಿನ್ ಹುಟ್ಟಿನದೇ ತಾನೇ?" ಎಂದು ವರ್ನಾ ಸಲೀಸಾಗಿ ಕೇಳಿದಳು.

"ಹುಟ್ಟಿನದೇ. ಎಂಜಿನ್ನೂ ಗೇರ್‌ಬಾಕ್ಸೂ ಫ್ಯಾಕ್ಟರಿ ಬಿಟ್ಟಾಗಿಂದ ಗಂಡ ಹೆಂಡ್ತಿ ಹಾಗೆ ಒಟ್ಟಿಗಿದಾವೆ. ನಾನು ಒಂದು ಬೋಲ್ಟ್ ಕೂಡ ಮುಟ್ಟಿಲ್ಲ."

"ಹಾಗಾದ್ರೆ ಕೂರಿಸು ನೋಡೋಣ."

ವೆಂಡೆಲ್ ಅಂಗಿಯ ತೋಳು ಮಡಚಿದ. ಗೇರ್‌ಬಾಕ್ಸನ್ನು ಜಾಕಿನ ಮೇಲೆ ಹತ್ತಿಸಿ, ಅಲುಗಿಸಿ, ಒಳಗೆ ದೂಡಿದ. ಟಣ್. ಅರ್ಧ ಬೆರಳು ಉಳಿಯಿತು. ಅವನು ಬಿರುಕನ್ನು ಬಗ್ಗಿ ಕೂಡ ನೋಡಲಿಲ್ಲ. ಬೆಂಚಿನ ಕಡೆಗೆ ಕೈ ಚಾಚಿ, ಎರಡು ಉದ್ದದ ಬೋಲ್ಟು ತೆಗೆದು, ಸ್ಪ್ಯಾನರ್ ಹಿಡಿದುಬಿಟ್ಟ.

ಕೆಲಸ ಬಲ್ಲವನು ಇಂಥಲ್ಲಿ ನಿಂತು ಯೋಚಿಸುತ್ತಾನೆ. ವೆಂಡೆಲ್‌ನ ಕೈ ಯೋಚಿಸಲಿಲ್ಲ, ಹಿಂದೆ ಹೋದ ದಾರಿಯಲ್ಲೇ ಹೋಯಿತು.

"ಹೂಂ," ಎಂದ ಲೂ. "ಮೊದಲನೇ ಸಲಾನೂ ಹೀಗೇ ಎಳೆದ್ಯಾ?"

ಸ್ಪ್ಯಾನರ್ ಗಾಳಿಯಲ್ಲೇ ನಿಂತಿತು.

"ಯಾವ ಮೊದಲ್ನೇ ಸಲ?"

"ಗಂಡ ಹೆಂಡ್ತಿ ಅಂದ್ಯಲ್ಲ," ಎಂದಳು ವರ್ನಾ. "ಇಷ್ಟು ವರ್ಷ ಸಂಸಾರ ಮಾಡಿದ ಜೋಡಿಗೆ ಈಗ ಒಂದೇ ಮನೆಯಲ್ಲಿ ಯಾಕಪ್ಪಾ ಜಾಗ ಸಾಲ್ತಿಲ್ಲ? ಇದು ಆಟೋಮ್ಯಾಟಿಕ್ ಕಾರಿನ ಕ್ರ್ಯಾಂಕು, ವೆಂಡೆಲ್. ಹಿಂಬದಿಯಲ್ಲಿ ಮೂರು ಚುಕ್ಕಿ ಇದೆ. ಬಾ, ಟಾರ್ಚು ಹಿಡೀತೀನಿ."

"ನನಗೆ ಯಾವ ಚುಕ್ಕಿನೂ ಗೊತ್ತಿಲ್ಲ."

"ನಿನಗೆ ಗೊತ್ತಿಲ್ದೆ ಇರಬಹುದು. ಶೆರಿಫ್‌ಗೆ ಗೊತ್ತಾಗುತ್ತೆ. ಹಾಲಿಸ್‌ನ ಎಂಜಿನ್ ಬೆಂಕಿಗೆ ಮುಂಚೆ ಹೊರಗೆ ಬಂದಿದೆ. ಅದನ್ನ ಮಾರಿದವನು ನೀನು. ಆಮೇಲೆ ಒಬ್ಬ ಮನುಷ್ಯ ಸುಟ್ಟು ಸತ್ತಿದಾನೆ. ಇದನ್ನೆಲ್ಲ ಒಂದೇ ಸಾಲಲ್ಲಿ ಬರೆದ್ರೆ ಕೊನೇಲಿ ಯಾರ ಹೆಸರು ಬರುತ್ತೆ, ನೀನೇ ಹೇಳು."

ವೆಂಡೆಲ್‌ನ ದೊಡ್ಡ ನಗು ಎತ್ತಲೋ ಹೋಯಿತು. ಅವನು ಸ್ಪ್ಯಾನರ್ ಕೆಳಗಿಟ್ಟು, ಮಿಸ್ ಸ್ಟಾಡ್ಲರ್‌ಳ ಸ್ಟೂಲಿನ ಮೇಲೆ ಆಕೆಯನ್ನು ಕೇಳದೆಯೇ ಕುಳಿತ.

"ನಾನು ಕದ್ದಿಲ್ಲ."

"ಮತ್ತೆ?"

"ಕದ್ದಿಲ್ಲ ಅಂದ್ನಲ್ಲ, ವರ್ನಾ! ಬೆಂಕಿ ಗಿಂಕಿ ನನಗೇನೂ ಗೊತ್ತಿಲ್ಲ. ಅವನೇ ತಂದ್ಕೊಟ್ಟ. ತನ್ನ ಟ್ರಕ್ಕಲ್ಲಿ, ಟಾರ್ಪಾಲು ಮುಚ್ಕೊಂಡು."

"ಯಾರು?"

"ಹಾಲಿಸ್."

"ಯಾವತ್ತು?"

ವೆಂಡೆಲ್ ತನ್ನ ಬಿಳಿ ಬೂಟುಗಳನ್ನೇ ನೋಡುತ್ತ ಕುಳಿತ. ಒಂದರ ಮೇಲೆ ಎಣ್ಣೆಯ ಹನಿ ಬಿದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸಿದ, ಅದು ಇನ್ನಷ್ಟು ಹರಡಿತು.

"ಯಾವತ್ತು, ವೆಂಡೆಲ್? ಬೆಂಕಿಗೆ ಎಷ್ಟು ದಿನ ಮುಂಚೆ?"

"ಮುಂಚೆ ಅಲ್ಲ."

"ಏನು?"

"ಮಾರನೇ ದಿನ ಬೆಳಿಗ್ಗೆ. ಅವನ ಗ್ಯಾರೇಜಿಂದ ಇನ್ನೂ ಹೊಗೆ ಬರ್ತಿತ್ತು. ನೀವೆಲ್ಲ ಅಲ್ಲಿ ನಿಂತು ಅಳ್ತಿದ್ರಿ. ಅವನು ನನ್ನ ಹಿಂದಿನ ಬಾಗಿಲ ಹತ್ರ ನಿಂತು ಕಾಫಿ ಕೇಳ್ದ."

ಮಿಸ್ ಸ್ಟಾಡ್ಲರ್ ಹೋಗಿ ಅಂಗಡಿಯ ಬಾಗಿಲು ಮುಚ್ಚಿದಳು.

"ಯಾರಿಗೂ ಹೇಳ್ಬೇಡ ಅಂದ. ಸತ್ತವನನ್ನ ಯಾರೂ ಹುಡುಕಲ್ಲ, ನಂಗೆ ಅದೇ ಬೇಕು ಅಂದ," ಎಂದು ವೆಂಡೆಲ್ ಒಂದೇ ಸಮ ಹೇಳತೊಡಗಿದ. ಹೇಳಲು ಶುರುಮಾಡಿದ ಮೇಲೆ ಅವನಿಗೇ ಹಗುರಾಗುತ್ತಿದ್ದಂತೆ ಕಂಡಿತು. "ನಾನು ಏನು ಮಾಡ್ಲಿ? ಆ ವಾರ ಅವನ ಶವಪೆಟ್ಟಿಗೆ ಹೊರೋಕೆ ನನ್ನನ್ನೇ ಕರೆದ್ರು. ಹೊತ್ತೆ. ಒಳಗೆ ಅವನಿಲ್ಲ ಅಂತ ಗೊತ್ತಿದ್ದೂ ಹೊತ್ತೆ."

ವರ್ನಾಳಿಗೆ ಆ ಕ್ಷಣ ಈ ಬಿಳಿ ಬೂಟಿನ ಸುಳ್ಳುಬುರುಕನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಹಾಲಿಸ್ ಬದುಕಿದ್ದಾನೆ! ಬದುಕಿರುವವನನ್ನು ಕೊಂದನೆಂದು ಯಾವ ಜ್ಯೂರಿ ಡೆನ್ನಿಯನ್ನು ಹಿಡಿದಿಟ್ಟೀತು? ತಂಗಿ ಇವತ್ತು ಹೊಟ್ಟೆ ತುಂಬ ಉಣ್ಣುತ್ತಾಳೆ, ಕಣ್ಣು ತುಂಬ ನಿದ್ದೆ ಮಾಡುತ್ತಾಳೆ. ಬರುವ ಭಾನುವಾರ ಹುಡುಗ ವರ್ನಾಳ ಅಡಿಗೆಮನೆಯ ಮೇಜಿನ ಮುಂದೆ ಕುಳಿತು, ಎಲೆಕೋಸಿನ ಸುರುಳಿಗಳನ್ನು ಪಾತ್ರೆಯಿಂದಲೇ ಎತ್ತಿ ತಿಂದು ಬೈಸಿಕೊಳ್ಳುತ್ತಾನೆ. ಅವಳು ಫೋನಿನ ಹತ್ತಿರ ಓಡಿದಷ್ಟು ಬೇಗ ಹೋಗಿ ಶೆರಿಫ್ ಕಚೇರಿಯ ನಂಬರನ್ನು ತಿರುಗಿಸತೊಡಗಿದಳು.

"ವರ್ನಾ, ನಿಲ್ಲು."

ಲೂ ಕೈ ಒರೆಸುವ ಬಟ್ಟೆಯನ್ನು ಮಡಚುತ್ತಿದ್ದ. ಮಡಚಿದ್ದನ್ನೇ ಮತ್ತೆ ಮಡಚಿದ.

"ಪೆಟ್ಟಿಗೆಯ ಎದುರು ಹಿಡಿಕೆ ಹಿಡಿದಿದ್ದವನು ನಾನು," ಎಂದ. "ಖಾಲಿ ಪೆಟ್ಟಿಗೆ ಹೇಗಿರುತ್ತೆ ಅಂತ ನನಗೆ ಗೊತ್ತು. ಭಾರ ಇತ್ತು, ವೆಂಡೆಲ್. ಒಳಗೆ ಯಾರೋ ಇದ್ರು."

ಡಯಲ್ಲಿನೊಳಗಿದ್ದ ವರ್ನಾಳ ಬೆರಳು ಅಲ್ಲೇ ನಿಂತಿತು. ಸಂತೋಷದಲ್ಲಿ ಅವಳು ಹೆಣವನ್ನೇ ಮರೆತಿದ್ದಳು. ಸೊಂಟದ ಪಟ್ಟಿಯ ಬಿಲ್ಲೆ ನೋಡಿ ಹಾಲಿಸ್ ಎಂದು ಎಲ್ಲರೂ ಒಪ್ಪಿಕೊಂಡ ಆ ಹೆಣ ಯಾರೋ ಒಬ್ಬ ಮನುಷ್ಯನದಾಗಿತ್ತು, ಅವನಿಗೂ ಒಂದು ಹೆಸರಿತ್ತು.

"ಅದು ಯಾರು ಅಂತ ಅವನನ್ನ ಕೇಳಿದ್ಯಾ?" ಎಂದಳು.

"ಕೇಳ್ದೆ ಇರ್ತೀನಾ? ಹಾಗಾದ್ರೆ ಒಳಗೆ ಸುಟ್ಟು ಬಿದ್ದಿರೋನು ಯಾರೋ ಅಂತ ಕೇಳ್ದೆ." ವೆಂಡೆಲ್ ತಲೆಯೆತ್ತಿ ಮೊದಲ ಸಲ ಅವಳ ಕಣ್ಣು ನೋಡಿದ. ಅವನ ಮುಖದಲ್ಲಿ ಹೆದರಿಕೆಗಿಂತ ಕನಿಕರವೇ ಹೆಚ್ಚಿದ್ದಂತೆ ಅವಳಿಗೆ ತೋರಿತು.

"ಏನಂದ?"

"ಕಾಫಿ ಲೋಟ ಕೆಳಗಿಟ್ಟ. 'ನಂಗೊತ್ತಿಲ್ಲ ವೆಂಡೆಲ್. ಅವನನ್ನ ಅಲ್ಲಿಗೆ ತಂದವನು ಡೆನ್ನಿ. ಡೆನ್ನಿನ್ನೇ ಕೇಳು' ಅಂದ."